ಚಂದ್ರಮ್ಮನ ಊರು

ಮದುವೆಯಾಗಿ ಧಾರವಾಡದಿಂದ ಮೈಸೂರಿಗೆ ಬರುವಾಗ ಅಮ್ಮ ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಒಂದು ರೊಟ್ಟಿ ಹಂಚು ಇಟ್ಟಿದ್ದಳು. ಒಂದು ವರ್ಷ ಅದನ್ನು ಹೊರಗೆ ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ಅತ್ತೆಯವರೇ, "ನಿಮ್ಮ ಕಡೆಯ ರೊಟ್ಟಿ ತಟ್ಟಮ್ಮ, ನೋಡೋಣ" ಎಂದರು. ಆಮೇಲೆ ನಮ್ಮ ಮನೆಯಲ್ಲಿ ಜೋಳದ ರೊಟ್ಟಿಗೆ ಬಸ್ಸಾರು ಜೊತೆಯಾಯಿತು. ತವರಿಗೆ ಹೋದರೆ "ಏನವಾ, ಪೂರಾ ಮೈಸೂರಕಿ ಆಗೀಯಲ್ಲ" ಅನ್ನುತ್ತಾರೆ. ಇಲ್ಲಿಯವರಿಗೆ ಮಾತ್ರ ನಾನು ಇಂದಿಗೂ ‘ಧಾರವಾಡದವರು’.

ಇದೆಲ್ಲ ನನಗೆ ನೆನಪಾದದ್ದು ಗ್ರೀಕರ ಚರಿತ್ರೆ ಓದುವಾಗ ಎಂದರೆ ನೀವು ನಗಬಹುದು.

ಅಲೆಕ್ಸಾಂಡರ್ ಬಂದ, ಗೆದ್ದ, ಹೋದ ಎಂದಷ್ಟೇ ನಾವು ಶಾಲೆಯಲ್ಲಿ ಕಲಿತದ್ದು. ಅವನು ಹಿಂದೆ ಬಿಟ್ಟುಹೋದವರ ಸುದ್ದಿಯನ್ನು ಯಾರೂ ಹೇಳಲಿಲ್ಲ. ಇಂದಿನ ಉತ್ತರ ಅಫಘಾನಿಸ್ತಾನದ ಬ್ಯಾಕ್ಟ್ರಿಯಾದಲ್ಲಿ ಅವನು ಸಾವಿರಾರು ಗ್ರೀಕ್ ಸೈನಿಕರನ್ನು ನೆಲೆಯೂರಿಸಿದ್ದ. ಕ್ರಿ.ಪೂ. 323ರಲ್ಲಿ ಅವನು ಸತ್ತ ಸುದ್ದಿ ತಲುಪಿದ್ದೇ ತಡ, ಅವರು ಗುಂಪುಗೂಡಿ ಊರಿಗೆ ಹೊರಟುಬಿಟ್ಟರು. ತಮ್ಮ ನಾಡಿನ ರೀತಿರಿವಾಜಿಗಾಗಿ ಅವರು ಹಂಬಲಿಸುತ್ತಿದ್ದರೆಂದು ಇತಿಹಾಸಕಾರ ಡಯೊಡೋರಸ್ ಬರೆದಿದ್ದಾನೆ. ಅವರನ್ನು ತಡೆಯಲು ಸೈನ್ಯ ಬಂತು, ಅನೇಕರು ಪ್ರಾಣ ತೆತ್ತರು. ಲೋಕ ಗೆದ್ದವರೆಂದು ಹೆಸರಾದವರೂ ತವರಿಗಾಗಿ ಹೀಗೆ ಅತ್ತಿದ್ದರಲ್ಲ!

ಹಾಗೆ ನೆಲೆ ನಿಂತವರದೊಂದು ಊರು ಆಮು ದರಿಯಾ ನದಿಯ ದಂಡೆಯಲ್ಲಿತ್ತು. 1961ರಲ್ಲಿ ಅಫಘಾನಿಸ್ತಾನದ ದೊರೆ ಜಾಹಿರ್ ಷಾ ಬೇಟೆಗೆ ಹೋದಾಗ ಅದರ ಕುರುಹು ಕಣ್ಣಿಗೆ ಬಿತ್ತು. ಫ್ರೆಂಚ್ ವಿದ್ವಾಂಸರು 1978ರವರೆಗೆ ಅಲ್ಲಿ ಅಗೆದರು. ಆ ಜಾಗಕ್ಕೆ ಐ ಖಾನೂಮ್ ಎಂದು ಹೆಸರು. ಉಜ್ಬೆಕ್ ಮಾತಿನಲ್ಲಿ ಹಾಗೆಂದರೆ ಚಂದ್ರ ಎಂಬ ಹೆಸರಿನ ಅಮ್ಮ, ನಮ್ಮ ಚಂದ್ರಮ್ಮನೇ!

ಅಗೆದಾಗ ಗ್ರೀಕರ ಬಯಲು ರಂಗಮಂದಿರ ಸಿಕ್ಕಿತು, ಗರಡಿಮನೆ ಸಿಕ್ಕಿತು. ಊರು ಕಟ್ಟಿದ ಕಿನಿಯಾಸನ ಸಮಾಧಿಯಲ್ಲಿ ಒಂದು ಕಲ್ಲೂ ಸಿಕ್ಕಿತು. ಕ್ಲಿಯಾರ್ಕಸ್ ಎಂಬಾತ ಗ್ರೀಸಿನ ಡೆಲ್ಫಿ ಕ್ಷೇತ್ರದಲ್ಲಿ ಹಿರಿಯರ ಹಿತನುಡಿಗಳನ್ನು ಕೈಯಾರೆ ನಕಲು ಮಾಡಿಕೊಂಡು ತಂದು ಇಲ್ಲಿ ಕೆತ್ತಿಸಿದ್ದ. ಹುಡುಗುತನದಲ್ಲಿ ಶಿಸ್ತು, ಹರೆಯದಲ್ಲಿ ಸಂಯಮ, ನಡುವಯಸ್ಸಿನಲ್ಲಿ ನ್ಯಾಯ, ಮುಪ್ಪಿನಲ್ಲಿ ಒಳ್ಳೆಯ ಬುದ್ಧಿವಾದ, ಸಾಯುವಾಗ ದುಃಖಪಡದಿರುವುದು, ಇದು ಅದರ ಸಾರಾಂಶ. ಡೆಲ್ಫಿಗೂ ಆ ಊರಿಗೂ ನಡುವೆ ಸುಮಾರು 4,000 ಕಿಲೋಮೀಟರ್. ಟ್ರಂಕಿನಲ್ಲಿ ಹಂಚು ತಂದ ನನಗೆ ಆ ಕ್ಲಿಯಾರ್ಕಸ್ ಚೆನ್ನಾಗಿಯೇ ಅರ್ಥವಾಗುತ್ತಾನೆ.

ಆದರೆ ಅದೇ ಊರಿನ ದೊಡ್ಡ ದೇವಸ್ಥಾನ ಗ್ರೀಕರ ಕಂಬಸಾಲಿನ ಗುಡಿಯಲ್ಲ. ಹಸಿ ಇಟ್ಟಿಗೆಯ ದಪ್ಪ ಗೋಡೆ, ಪೂರ್ವದೇಶದ ವಿನ್ಯಾಸ. ಒಳಗೆ ಸಿಕ್ಕಿದ್ದು ಮಾತ್ರ ಗ್ರೀಕ್ ಪಾದರಕ್ಷೆ ತೊಟ್ಟ ಅಮೃತಶಿಲೆಯ ಬೃಹತ್ ಪಾದ. ಅರಮನೆಯ ಬಚ್ಚಲಿಗೆ ಗ್ರೀಕರ ರೀತಿಯ ಬೆಣಚುಕಲ್ಲಿನ ಚಿತ್ತಾರದ ನೆಲ. ಅಲ್ಲಿನ ದೊಡ್ಡ ಮನೆಗಳಲ್ಲೋ, ಗ್ರೀಕರಂತೆ ನಡುವೆ ಅಂಗಳವಿಟ್ಟು ಸುತ್ತ ಕೋಣೆ ಕಟ್ಟಿಲ್ಲ. ಅಂಗಳ ಮುಂದೆ, ವಾಸದ ಕೋಣೆಗಳು ಹಿಂದೆ. ಮುಂದೆ ಕ್ರಿ.ಪೂ. 2ನೇ ಶತಮಾನದಲ್ಲಿ ಅಗಾಥೊಕ್ಲಿಸ್ ಎಂಬ ಗ್ರೀಕ್ ರಾಜ ತನ್ನ ಬೆಳ್ಳಿ ನಾಣ್ಯದ ಮೇಲೆ ಚಕ್ರ ಹಿಡಿದ ಕೃಷ್ಣನನ್ನೂ ನೇಗಿಲು ಹಿಡಿದ ಬಲರಾಮನನ್ನೂ ಅಚ್ಚೊತ್ತಿಸಿದ. ಹೆಸರು ಒಂದು ಬದಿಗೆ ಗ್ರೀಕ್ ಲಿಪಿಯಲ್ಲಿ, ಇನ್ನೊಂದು ಬದಿಗೆ ಬ್ರಾಹ್ಮಿಯಲ್ಲಿ. ಅಂಥ ಆರು ನಾಣ್ಯಗಳು 1970ರಲ್ಲಿ ಐ ಖಾನೂಮಿನಲ್ಲೇ ದೊರೆತವು.

ಎರಡು ನಾಡುಗಳನ್ನು ಹೀಗೆ ಬೆಸೆದವರು ಯಾರು? ರಾಜರೆಂದು ಪುಸ್ತಕಗಳು ಹೇಳುತ್ತವೆ. ನನಗೇಕೋ ಮನೆಯೊಳಗಿನ ಹೆಂಗಸರು ಕಾಣುತ್ತಾರೆ. ದಂಡಿನೊಂದಿಗೆ ಬಂದ ಗಂಡಸರು ಎಷ್ಟೋ ಮಂದಿ ಅಲ್ಲಿಯ ಹೆಣ್ಣುಮಕ್ಕಳನ್ನೇ ಕೈಹಿಡಿದಿರಬೇಕು. ಕಲ್ಲಿನ ಮೇಲೆ ಉಳಿದ ಹೆಸರುಗಳು ಬಹುಪಾಲು ಗಂಡಸರವೇ. ಆದರೆ ಅಪಾಮೆ ಎಂಬೊಬ್ಬಳ ಹೆಸರು ನಿಂತಿದೆ. ಅಲೆಕ್ಸಾಂಡರನನ್ನು ಎದುರಿಸಿ ಹೋರಾಡಿದ ಸ್ಪಿಟಮೆನಿಸನ ಮಗಳು ಅವಳು. ಕ್ರಿ.ಪೂ. 324ರಲ್ಲಿ ಸೂಸಾ ನಗರದ ಸಾಮೂಹಿಕ ವಿವಾಹದಲ್ಲಿ ಅವಳನ್ನು ಸೆಲ್ಯೂಕಸ್‌ಗೆ ಕೊಟ್ಟರು. ಶತ್ರುವಿನ ಮನೆಗೆ ಹೋದ ಆ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೆ? ಮುಂದೆ ಅವಳ ಮಗ ಆಂಟಿಯೋಕಸ್ ಪಟ್ಟವೇರಿದ, ಅವಳ ಹೆಸರಿನಲ್ಲಿ ಅಪಾಮಿಯಾ ಎಂಬ ಊರುಗಳಾದವು. ಅವಳು ಮಗನನ್ನು ಯಾವ ಮಾತಿನಲ್ಲಿ ಮಲಗಿಸಿದಳೋ, ಅದನ್ನು ಯಾರೂ ಬರೆದಿಡಲಿಲ್ಲ.

ಕ್ರಿ.ಪೂ. 145ರ ಸುಮಾರಿಗೆ ಐ ಖಾನೂಮ್ ಹಾಳಾಯಿತು. ನಮ್ಮ ಕಾಲದ ಯುದ್ಧದ ವರ್ಷಗಳಲ್ಲಿ ಉಳಿದದ್ದನ್ನೂ ಕಳ್ಳರು ಅಗೆದು ಕೊಂಡೊಯ್ದರು.

ಈಚೆಗೆ ನಮ್ಮ ಮನೆಗೆ ಸೊಸೆ ಬಂದಳು, ಮಂಗಳೂರಿನ ಕಡೆಯ ಹುಡುಗಿ. ಅವಳ ಸಾಮಾನಿನಲ್ಲಿ ನೀರುದೋಸೆಯ ಕಾವಲಿ ಕಂಡಿತು. ನಾನು ಒಂದು ವರ್ಷ ಕಾಯಿಸಲಿಲ್ಲ. ಮರುದಿನ ಬೆಳಿಗ್ಗೆಯೇ ಅದನ್ನು ತೊಳೆದು ಒಲೆಯ ಪಕ್ಕದಲ್ಲಿಟ್ಟೆ, ನನ್ನ ಹಂಚಿನ ಜೊತೆಗೆ.