ಧೂಪಾರತಿ ಹಿಡಿದ ಅರಸ

ಕ್ರಿ.ಪೂ. 8ನೇ ಶತಮಾನದಲ್ಲಿ ಯೆಹೂದವನ್ನು ಆಳಿದ ಉಜ್ಜೀಯ ಪಟ್ಟವೇರಿದಾಗ ಅವನಿಗೆ 16 ವರ್ಷ. ಬೈಬಲಿನ ಲೆಕ್ಕದಂತೆ 52 ವರ್ಷ ಆಳಿದ. ಫಿಲಿಷ್ಟಿಯರನ್ನು ಸೋಲಿಸಿದ, ಯೆರೂಸಲೇಮಿನಲ್ಲಿ ಬುರುಜು ಕಟ್ಟಿಸಿದ, ದನಕರುಗಳಿಗಾಗಿ ಅಡವಿಯಲ್ಲಿ ಬಾವಿ ತೋಡಿಸಿದ. ಬೇಸಾಯವೆಂದರೆ ಅವನಿಗೆ ಬಲು ಪ್ರೀತಿ. ಇಂಥ ಅರಸ ಒಂದು ದಿನ ಧೂಪಾರತಿ ಹಿಡಿದು ದೇವಾಲಯದೊಳಕ್ಕೆ ಹೊರಟ.

ಧೂಪ ಹಾಕುವುದು ಆರೋನನ ವಂಶದ ಯಾಜಕರ ಕೆಲಸ. ಯಾಜಕ ಅಜರ್ಯ 80 ಮಂದಿಯೊಡನೆ ಬಂದು ಅಡ್ಡ ನಿಂತ. ಅರಸ ಕೆರಳಿದ. ಆ ಸಿಟ್ಟಿನಲ್ಲಿರುವಾಗಲೇ ಹಣೆಯ ಮೇಲೆ ಕುಷ್ಠ ಕಾಣಿಸಿಕೊಂಡಿತು. ಸಾಯುವತನಕ ಬೇರೆ ಮನೆಯಲ್ಲಿ ಇರಬೇಕಾಯಿತು. ಮಗ ಯೋತಾಮ ಆಡಳಿತ ನೋಡಿಕೊಂಡ.

ಈ ಪ್ರಸಂಗ ಬರುವುದು ಎರಡನೆಯ ಪೂರ್ವಕಾಲವೃತ್ತಾಂತದ 26ನೇ ಅಧ್ಯಾಯದಲ್ಲಿ. ಅದಕ್ಕಿಂತ ಹಳೆಯದಾದ ಅರಸುಗಳ ಗ್ರಂಥ ಕುಷ್ಠದ ಮಾತನ್ನಷ್ಟೇ ಹೇಳುತ್ತದೆ, ಧೂಪದ ಸುದ್ದಿಯೇ ಇಲ್ಲ. ದಾವೀದನೂ ಸೊಲೊಮೋನನೂ ತಾವೇ ಬಲಿ ಅರ್ಪಿಸಿದ್ದುಂಟು. ಅವರನ್ನು ಯಾರೂ ತಡೆಯಲಿಲ್ಲ. ಹಾಗಾದರೆ ಉಜ್ಜೀಯನಿಗೇಕೆ ಈ ಶಿಕ್ಷೆ?

ಪೂರ್ವಕಾಲವೃತ್ತಾಂತ ರಚನೆಯಾದದ್ದು ಬಾಬಿಲೋನಿನ ಸೆರೆಯ ನಂತರ. ಆಗ ಯೆಹೂದಕ್ಕೆ ಸಿಂಹಾಸನವಿರಲಿಲ್ಲ. ಜನರನ್ನು ಹಿಡಿದಿಟ್ಟದ್ದು ದೇವಾಲಯ ಮತ್ತು ಯಾಜಕರು. ಗರ್ಭಗುಡಿಯ ಹೊಸ್ತಿಲು ಯಾರದು ಎಂಬುದು ಅವರಿಗೆ ಅಳಿವು ಉಳಿವಿನ ಪ್ರಶ್ನೆ. ಯಾಜಕರ ಸ್ವಾರ್ಥವೂ ಇದರಲ್ಲಿ ಸೇರಿದೆ ಎನ್ನಿ, ತಪ್ಪಲ್ಲ.

ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಆ 80 ಮಂದಿ. ಅದೇ ಅಧ್ಯಾಯದ ಪ್ರಕಾರ ಅರಸನ ಸೈನ್ಯ 3,07,500. ಇವರ ಕೈಯಲ್ಲಿ ಇದ್ದದ್ದು 'ಇದು ನಿನ್ನ ಕೆಲಸವಲ್ಲ' ಎಂಬ ಮಾತು ಮಾತ್ರ. ಹಲವು ಪ್ರಾಜೆಕ್ಟ್ ಗೆದ್ದ ಹುಮ್ಮಸ್ಸಿನಲ್ಲಿ ನಾನೂ ಒಮ್ಮೆ ಟೆಸ್ಟಿಂಗ್ ತಂಡದ ಒಪ್ಪಿಗೆಗೆ ಕಾಯದೆ ರಿಲೀಸ್ ಮಾಡಿಸಿದ್ದೆ. ಯಾರೂ ತಡೆಯಲಿಲ್ಲ. ಅದು ಗೌರವವೆಂದು ತಿಳಿದಿದ್ದೆ. ಭಯವೆಂದು ಆಮೇಲೆ ಗೊತ್ತಾಯಿತು.

1931ರಲ್ಲಿ ಪುರಾತತ್ವಜ್ಞ ಸುಕೆನಿಕ್, ಯೆರೂಸಲೇಮಿನ ರಷ್ಯನ್ ಮಠವೊಂದರ ಸಂಗ್ರಹದಲ್ಲಿ ಅರಾಮಿಕ್ ಬರಹದ ಕಲ್ಲೊಂದನ್ನು ಗುರುತಿಸಿದ. ಉಜ್ಜೀಯನ ಮೂಳೆಗಳನ್ನು ಇಲ್ಲಿಗೆ ತಂದಿದೆ, ತೆರೆಯಬಾರದು ಎಂದು ಅದರಲ್ಲಿದೆ. ಅದನ್ನು ಕೆತ್ತಿದ್ದು ಅವನು ಸತ್ತು ಸುಮಾರು 700 ವರ್ಷಗಳಾದ ಮೇಲೆ. ಬದುಕಿದ್ದಾಗ ಹೊಸ್ತಿಲು ದಾಟಿದವನ ಗೋರಿಗೂ ಕೊನೆಗೆ ಉಳಿದದ್ದು ಒಂದು ಹೊಸ್ತಿಲೇ.