ಸಾಕುನಾಯಿಯನ್ನು ಕಟ್ಟಿಹಾಕುವುದು: ಕಾನೂನು ಮತ್ತು ಪರ್ಯಾಯಗಳು

ಶ್ರಾವಕರ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಅಂದರೆ ಪ್ರಾಣಿಯನ್ನು ಓಡಾಡದಂತೆ ಕಟ್ಟಿಹಾಕುವುದು; ಕೊನೆಯದು ಅನ್ನಪಾನನಿರೋಧ. ಈ ಎರಡನ್ನೂ ದೇಶದ ಕಾನೂನೂ ತಡೆಯುತ್ತದೆ.

ಕಾನೂನು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಅದರ 11ನೇ ಕಲಮಿನಂತೆ ತೀರಾ ಗಿಡ್ಡ ಅಥವಾ ತೀರಾ ಭಾರವಾದ ಸರಪಳಿ, ಹಗ್ಗದಲ್ಲಿ ಮಿತಿಮೀರಿ ಹೊತ್ತು ಕಟ್ಟಿಡುವುದು, ಸದಾ ಕಟ್ಟಿರುವ ನಾಯಿಯನ್ನು ಓಡಾಡಿಸದಿರುವುದು, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಅಪರಾಧ. ಇಷ್ಟೇ ಗಂಟೆ, ಇಷ್ಟೇ ಅಡಿ ಎಂಬ ಲೆಕ್ಕ ಈ ಕಲಮಿನಲ್ಲಿಲ್ಲ.

ಶಿಕ್ಷೆ: ಮೊದಲ ಬಾರಿಗೆ 10ರಿಂದ 50 ರೂಪಾಯಿ ದಂಡ. 3 ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ.

ಪರ್ಯಾಯಗಳು: ಕಾಂಪೌಂಡಿದ್ದರೆ ಗೇಟು ಭದ್ರಪಡಿಸಿ ನಾಯಿಯನ್ನು ಒಳಗೆ ಬಿಡಬಹುದು. ಬೆಳಿಗ್ಗೆ, ಸಂಜೆ ಹೊರಗೆ ನಡೆದಾಡಿಸಬೇಕು. ಅತಿಥಿಗಳು ಬಂದಾಗ ಗಾಳಿಯಾಡುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಇರಿಸಿದರೆ ಸಾಕು. ಕಟ್ಟಲೇಬೇಕಾದಾಗ ಹಗುರವಾದ, ಉದ್ದನೆಯ ಹಗ್ಗವಿರಲಿ. ನೆರಳೂ ನೀರಿನ ಬಟ್ಟಲೂ ಅದಕ್ಕೆ ಎಟುಕುವಂತಿರಲಿ.

ದಂಡದ ಮೊತ್ತ ಅಲ್ಪ. ಆದ್ದರಿಂದ ಕಟ್ಟಿದ ನಾಯಿಗೆ ನಿಜವಾದ ರಕ್ಷಣೆ ಮನೆಯವರ ವ್ರತಪಾಲನೆಯೇ.