ಪೈಪ್ ಗ್ಯಾಸ್‌ಗೆ ಹಳೆಯ ಸ್ಟೌವ್ ನಡೆಯುತ್ತದೆಯೇ?

ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್ ಹಾಕಿಸಿಕೊಂಡರೆ ಹೊಸ ಸ್ಟೌವೇ ಬೇಕು ಎಂದು ಒಂದು ಫಾರ್ವರ್ಡ್. ಟ್ಯೂಬ್ ಬದಲಿಸಿದರೆ ಸಾಕು ಎಂದು ಇನ್ನೊಂದು. ನಮ್ಮ ಉತ್ತರ: ಎರಡೂ ತಪ್ಪು.

ಸಿಲಿಂಡರ್‌ನಲ್ಲಿರುವುದು ಪ್ರೊಪೇನ್, ಬ್ಯೂಟೇನ್. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್. ಅಷ್ಟೇ ಗಾತ್ರದ ಮೀಥೇನ್ ಕೊಡುವ ಶಾಖ ಎಲ್‌ಪಿಜಿಯ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಬರ್ನರ್ ಕೆಳಗಿನ ಜೆಟ್‌ನ ತೂತು ದೊಡ್ಡದಿರಬೇಕು. ಸಾಮಾನ್ಯ ಸ್ಟೌವ್‌ಗಳಲ್ಲಿ ಗ್ಯಾಸ್ ಕಂಪನಿಯ ತಂತ್ರಜ್ಞರೇ ಜೆಟ್ ಬದಲಿಸಿಕೊಡುತ್ತಾರೆ. ಬದಲಿಸದಿದ್ದರೆ ಉರಿ ಸಣ್ಣದಾಗಿ ಅಡುಗೆ ತಡವಾಗುತ್ತದೆ.

ಹೆಚ್ಚಿನ ಅಪಾಯ ಇರುವುದು ವಾಪಸ್ ಬರುವಾಗ. ಬೆಂಗಳೂರಿನ ಪೈಪ್ ಗ್ಯಾಸ್ ಮನೆ ಖಾಲಿ ಮಾಡಿ, ಅದೇ ಸ್ಟೌವನ್ನು ಊರಿನಲ್ಲಿ ಸಿಲಿಂಡರ್‌ಗೆ ಜೋಡಿಸಿದಿರಿ ಎನ್ನಿ. ದೊಡ್ಡ ತೂತಿನಿಂದ ಗ್ಯಾಸ್ ಮಿತಿಮೀರಿ ನುಗ್ಗಿ, ಹಳದಿ ಜ್ವಾಲೆ ಎತ್ತರಕ್ಕೆ ಏಳುತ್ತದೆ. ಮಸಿಯ ಜೊತೆ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕೂಡ. ಮೊದಲು ಹಳೆಯ ಜೆಟ್ ಹಾಕಿಸಿ.

‘ಪೈಪ್ ಗ್ಯಾಸ್ ಹಗುರ, ಸೋರಿದರೂ ಹಾರಿಹೋಗುತ್ತದೆ’ ಎಂಬುದು ಅರ್ಧಸತ್ಯ. ಎಲ್‌ಪಿಜಿ ನೆಲಮಟ್ಟದಲ್ಲಿ ಹರಡಿದರೆ, ಮೀಥೇನ್ ಮುಚ್ಚಿದ ಕೋಣೆಯ ಸೂರಿನಡಿ ಸೇರಿಕೊಳ್ಳುತ್ತದೆ. ಕಿಡಿ ತಾಗಿದರೆ ಸ್ಫೋಟಿಸಬಹುದು. ಸೊಳ್ಳೆ ಬರುತ್ತದೆಂದು ಮೇಲಿನ ವೆಂಟಿಲೇಟರ್‌ಗೆ ರಟ್ಟು ಹೊಡೆದಿದ್ದರೆ ಕಿತ್ತುಹಾಕಿ. ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಹೋಗಿ ಕಂಪನಿಯ ತುರ್ತು ಸಂಖ್ಯೆಗೆ ಫೋನ್ ಮಾಡಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನಿನದನ್ನೂ.